ಓದಿ ಹೇಳಿ ಕೇಳಿ ಸರಿಯಿದೆ

ದಾವಣಗೆರೆ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ
ಬೆರಳಚ್ಚುಗಾರ ನಾನು.
ಅಳುವಿಗೆ ಕೀಲಿಮಣೆಯಲ್ಲಿ ಗುಂಡಿಯಿಲ್ಲ,
ಹಾಗಾಗಿ ಬಿಟ್ಟಿದ್ದೇನೆ;
ಉಳಿದದ್ದೆಲ್ಲ ಕಡತದಲ್ಲಿದೆ.

ಅವತ್ತು ಬಾಗಿಲು ಮುಚ್ಚಿಸಿದರು.
ಒಳಗೆ ಸಾಹೇಬರು, ಇಬ್ಬರು ವಕೀಲರು, ದಫೇದಾರ,
ಪರದೆಯಾಚೆ ಆರೋಪಿ, ತೂಕದ ಗುಮಾಸ್ತ,
ನಾನು,
ಕಟಕಟೆಯಲ್ಲಿ ಹಾಲಮ್ಮ.
ಎಪಿಎಂಸಿ ಯಾರ್ಡಿನಲ್ಲಿ ಚೆಲ್ಲಿದ ಮೆಕ್ಕೆಜೋಳ ಗುಡಿಸುವವಳು,
ಸೆರಗಿನಂಚಿಗೆ ಇನ್ನೂ ಹೊಟ್ಟಿನ ಪುಡಿ.

ಅವಳೆಂದಳು: "ಮೈಯಾಗಿನ ರಗತ ನಿಂತಂಗಾತ್ರಿ."
ಸಾಹೇಬರು ಬರೆಸಿದರು: ನನಗೆ ಗಾಬರಿಯಾಯಿತು.
ಅವಳೆಂದಳು: "ಒದರಾಕ ಬಾಯೇ ಬರ್ಲಿಲ್ರಿ."
ಬರೆಸಿದರು: ನಾನು ಕೂಗಿಕೊಳ್ಳಲಿಲ್ಲ.
ಹೊಡೆದೆ, ಟಕಟಕ.
ಮುಂದುವರೆದು ಹೇಳುವುದೇನೆಂದರೆ, ಟಕಟಕ.

ಪಾಟೀಸವಾಲು.
ಗೋದಾಮಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂದರೆ ಸರಿ.
ಮೈಮೇಲೆ ಗಾಯವಿರಲಿಲ್ಲ ಎಂದರೆ ಸರಿ.
ದೂರು ಕೊಟ್ಟದ್ದು ಹನ್ನೊಂದು ದಿನ ಬಿಟ್ಟು ಎಂದರೆ ಸರಿ.
ಪೊಲೀಸರಿಗೆ ಎಲ್ಲಿಯೂ ಅವನ ಬೆರಳಚ್ಚು ಸಿಗಲಿಲ್ಲ ಎಂದರೆ
ನನಗೆ ಗೊತ್ತಿಲ್ಲ.
ಕೂಲಿ ಬಾಕಿಗೆ ಜಗಳವಿತ್ತು ಎಂದರೆ ಸರಿ.
ಆ ಸಿಟ್ಟಿಗೆ ಸುಳ್ಳು ಹೇಳುತ್ತಿದ್ದೇನೆ ಎಂದರೆ
ಸರಿಯಲ್ಲ.

ನಾಲ್ಕು ಸರಿ ಒಂದು ತಟ್ಟೆಗೆ.
ಆ ಒಂದು ಸರಿಯಲ್ಲ, ಎಷ್ಟು ತೂಗೀತು?

"ಅವತ್ತು ನೀನು ಕೆಲಸಕ್ಕೆ ಬಂದಿದ್ದಕ್ಕೆ
ಒಂದು ಚೀಟಿ ಐತೇನಮ್ಮ?"
"ಚೀಟಿ ಬರೆಯೋನು ಅವ್ನೇ ಅಲ್ರಿ."
ವಕೀಲರು ನೀರು ಕುಡಿದರು.
ಕಡತದಲ್ಲಿರುವುದು ಇಷ್ಟೆ: ಚೀಟಿ ಇಲ್ಲ.

ಬಾಯಿಮಾತೆಂದರೆ ನನಗೂ ಅಂಜಿಕೆ.
ಜಗಳೂರು ಕಡೆಯ ನಮ್ಮೂರಲ್ಲಿ
ಬಣವೆಗೆ ಬೆಂಕಿಯಿಟ್ಟನೆಂದು, ಒಬ್ಬನ ಮಾತಿನ ಮೇಲೆ,
ಚಿಕ್ಕಪ್ಪ ತಿಪ್ಪೇಶಪ್ಪ ಹದಿನಾಲ್ಕು ತಿಂಗಳು ಒಳಗಿದ್ದ.
ಹೇಳಿದವನ ಕಣ್ಣಲ್ಲೂ ನೀರಿತ್ತಂತೆ.
ಸಾಯುವ ಮುಂಚೆ ಅವನೇ ಬಂದು
ನಮ್ಮ ಜಗಲಿ ಮೇಲೆ ಕೂತು ಅಂದ:
"ಮುಖ ಕಂಡಿರ್ಲಿಲ್ಲಪ್ಪ. ಲುಂಗಿ ಕಂಡಿತ್ತು."
ಅಂದಿನಿಂದ ಕಣ್ಣೀರನ್ನು ನಂಬುವುದಿಲ್ಲ ನಾನು. ಆಣೆಯನ್ನೂ.

ಹಾಗಂತ ಇಬ್ಬರು ಸಾಕ್ಷಿ ತನ್ನಿ ಎನ್ನಲೇ?
ಇಬ್ಬರಿರುವಲ್ಲಿ ಯಾವನು ಇಂಥದಕ್ಕೆ ಕೈ ಹಾಕುತ್ತಾನೆ?
ಇಳಿಸಿದ ಶಟರಿನೊಳಗೆ ನೋಡಿದ್ದು
ಒಂದಿಷ್ಟು ಇಲಿ, ಮುನ್ನೂರು ಗೋಣಿಚೀಲ.
ಚೀಲಕ್ಕೆ ಸಮನ್ಸ್ ಜಾರಿಯಾಗುವುದಿಲ್ಲ.

ಕೊನೆಗೆ ಓದಿ ಹೇಳಬೇಕು, ಅದು ನಿಯಮ.
ಊಟದ ಹೊತ್ತು ಮೀರಿತ್ತು, ಒಂದೇ ಉಸಿರಿಗೆ ಓದಿದೆ:
ಆರೋಪಿಯು ನನ್ನನ್ನು ಎರಡೂ ಕೈಗಳಿಂದ ಹಿಡಿದು...
"ಎರಡಲ್ರಿ."

ಸರ್ಕಾರಿ ವಕೀಲರು ಕೆಮ್ಮಿದರು,
ಸುಮ್ಮನಿರು ತಾಯಿ ಎಂಬಂತೆ.
"ಒಂದಾ ಕೈಲಿ ಹಿಡಿದಿದ್ದು.
ಇನ್ನೊಂದ್ರಾಗ ಪೆನ್ನಿತ್ತು, ಟೋಪಿ ತೆಗೆದಿದ್ದು.
ಕಡೀತನಕ ಅದನ್ನ ಕೆಳಗ ಇಡ್ಲಿಲ್ರಿ."

ಫ್ಯಾನು ತಿರುಗುತ್ತಿತ್ತು.
ಎರಡು ಅಂದಿದ್ದರೆ ಲಾಭ ಅವಳಿಗೇ.
ಪ್ರಿಂಟು ತೆಗೆದಾಗಿತ್ತು; 'ಎರಡೂ' ಎಂಬುದನ್ನು ಹೊಡೆದು
ಮೇಲೆ ಕೈಯಲ್ಲಿ ಬರೆದೆ.
ಪಕ್ಕಕ್ಕೆ ಸಾಹೇಬರ ಚಿಕ್ಕ ರುಜು.

ಸಹಿಗೆಂದು ಪೆನ್ನು ಚಾಚಿದೆ.
ಅವಳು ಅದನ್ನೇ ನೋಡಿದಳು.
ಟೋಪಿ ಹಾಕಿ ಜೇಬಿಗಿಟ್ಟು
ಶಾಯಿಪ್ಯಾಡು ಸರಿಸಿದೆ.
ಸಹಿ ಬರುತ್ತಿತ್ತು ಅವಳಿಗೆ,
ಆದರೂ ಹೆಬ್ಬೆಟ್ಟು ಒತ್ತಿದಳು,
ಪ್ರತಿ ಪುಟಕ್ಕೂ, ನಿಧಾನ.

ತೀರ್ಪಿಗೆ ಮೊದಲೇ ಹೊನ್ನಾಳಿಗೆ ವರ್ಗವಾಯಿತು.
ಏನಾಯಿತೆಂದು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ.
ಒಬ್ಬಳ ಮಾತು ಸಾಕೇ ಎಂದು
ಬೆರಳಚ್ಚುಗಾರನನ್ನು ಯಾರು ಕೇಳುತ್ತಾರೆ?
ಕೇಳಿದರೆ ತೋರಿಸಬಲ್ಲೆ,
ನಾಲ್ಕನೆಯ ಪುಟ, ಒಂಬತ್ತನೆಯ ಸಾಲು:
ಗೀಟಿನ ಮೇಲೆ, ತುಸು ಓರೆಯಾಗಿ,
ನನ್ನದೇ ಅಕ್ಷರದಲ್ಲಿ
'ಒಂದು'.