ಸ್ಟೀಲ್ ತಟ್ಟೆಯ ಅಲೆ

ಮುಹರ್ರಕ್ಕಿನ ಹಳೇ ಓಣಿ. ಮುತ್ತಿನ ವ್ಯಾಪಾರಿಯ ಮೊಮ್ಮಗನ ಮನೆ.
ಹಜಾರದಲ್ಲಿ ಆರಡಿ ಗಾಜಿನ ಕಡಲು.
ವಾರಕ್ಕೆರಡು ಸಲ ಬಕೆಟ್ಟು, ಬ್ರಷ್ಷು, ಉಪ್ಪಿನ ಚೀಲ ಹೊತ್ತು
ಹಿಂಬಾಗಿಲಿನಿಂದ ಬರುವವನು ನಾನು.

ಹವಳ ಅಂದರೆ ಕೆಂಪು ಅಂದುಕೊಂಡಿದ್ದೆ.
ಗಂಗೊಳ್ಳಿಯ ಜೋಯಿಸರು ಕುಜದೋಷಕ್ಕೆಂದು
ಅಕ್ಕನ ಬೆರಳಿಗೆ ಹಾಕಿಸಿದ್ದು
ಸತ್ತ ಹವಳ ಎಂದು ಯಾರೂ ಹೇಳಿರಲಿಲ್ಲ.
ಜೀವ ಇದ್ದದ್ದನ್ನು ನೋಡಿದ್ದು ಇಲ್ಲೇ,
ಅಂಗಡಿಯ ತೊಟ್ಟಿಯಲ್ಲಿ. ಕಿರುಬೆರಳುದ್ದ.
ಬಣ್ಣ, ಬೆಲ್ಲದ ಕಾಫಿಯದು.

ರೊಡೆಲ್ ಕಲಿಸಿದ:
ಬೆಳಕು ಸಾಲದ ಹವಳ ಕಂದಾಗುತ್ತದೆ.
ಒಳಗೆ ಬಾಡಿಗೆಗಿರುವ ಪಾಚಿ
ಸಿಕ್ಕಷ್ಟು ಬಿಸಿಲು ಬಾಚಲು ಸಂಸಾರ ಹೆಚ್ಚಿಸಿಕೊಳ್ಳುತ್ತದೆ.
ಒಮ್ಮೆಗೇ ಬೆಳಕು ಸುರಿದೆಯೋ,
ಬಾಡಿಗೆಯವರನ್ನೆಲ್ಲ ಹೊರಗಟ್ಟಿ ಬೆಳ್ಳಗಾಗುತ್ತದೆ.
ಆ ಬಿಳುಪು ಚಂದ, ಎರಡು ದಿನ.
ಅದಕ್ಕೇ ಮೊದಲ ವಾರ ಮರಳಿನ ಮೇಲೆ,
ಆಮೇಲೆ ಒಂದು ಗೇಣು ಎತ್ತರಕ್ಕೆ,
ಹದಿನೈದು ದಿನ ಬಿಟ್ಟು ಇನ್ನೊಂದು ಗೇಣು,
ಜ್ವರ ಬಿಟ್ಟವನಿಗೆ ಗಂಜಿ ಕೊಟ್ಟ ಹಾಗೆ.
ನನ್ನ ಸಿಪಿಆರ್ ಕಾರ್ಡಿನ ಫೋಟೋ ನೋಡಿ ನಕ್ಕ:
ನಿನಗೂ ಲೈಟು ಸಾಲದು.

ನೀರಿನ ಪಾಠ ಮಾತ್ರ ಅವನಿಗಿಂತ ಮೊದಲೇ ಗೊತ್ತಿತ್ತು.
ಅಪ್ಪ ಬಲೆ ಬಿಡುವ ಮುಂಚೆ ಒಂದೆಳೆ ನೂಲು ಇಳಿಸಿ ನೋಡುತ್ತಿದ್ದ.
ಮೇಲೆ ತೆಂಕಕ್ಕೆ, ಅಡಿಯಲ್ಲಿ ಬಡಗಕ್ಕೆ.
'ಒಂದೇ ಬದಿ ಹೋಪ ನೀರ್ ನೀರಲ್ಲ ಮಾರಾಯ, ಪೈಪು.'
ಇಲ್ಲಿ ಎರಡು ಪಂಪು ಎದುರುಬದುರು ಕೂರಿಸಿ
ಜಗಳ ಹತ್ತುವ ಹಾಗೆ ಟೈಮರು ತಿರುಗಿಸಿದೆ.
ಒಂದೇ ಕಡೆಯಿಂದ ಹೊಡೆದರೆ ತೊಗಲು ಸುಲಿಯುತ್ತದೆ.
ಹೊಡೆಯದೇ ಬಿಟ್ಟರೆ ಸಂದಿಯಲ್ಲಿ ಕಸ, ಲೋಳೆ.
ನೀರು ಹೋಗಿ ಬಂದು, ಬಂದು ಹೋಗಿ ಮಾಡುವಲ್ಲಿ
ಕೊಂಬೆ ಗಿಡ್ಡ, ದಪ್ಪ, ದೋಣಿ ಎಳೆದವರ ತೋಳು.
ಮೂಲೆಯಲ್ಲಿರುವುದು ಸಪೂರ,
ಯಾರನ್ನೋ ಕರೆಯುವಂತೆ ಉದ್ದ.

ಒಂದೂವರೆ ವರ್ಷಕ್ಕೆ ಕಾಫಿಯೊಳಗಿಂದ ಹಸಿರು ಬಂತು,
ತುದಿಗಳಲ್ಲಿ ನೇರಳೆ.

ಆಗಸ್ಟ್. ಮನೆಯವರು ಸಲಾಲಾದಲ್ಲಿ ಮಳೆ ನೋಡುತ್ತಿದ್ದರು.
ಬೀಗದ ಕೈ ನನ್ನ ಜೇಬಿನಲ್ಲಿ.
ರಾತ್ರಿ ಹತ್ತಕ್ಕೆ ಬಾಗಿಲು ತೆಗೆದರೆ ಸುಟ್ಟ ವೈರಿನ ವಾಸನೆ.
ಎಸಿ ಇಲ್ಲ, ಪಂಪಿಲ್ಲ.
ಕಡಲು ಮೊಸರಿನ ಹಾಗೆ ಹೆಪ್ಪುಗಟ್ಟಿ ನಿಂತಿತ್ತು.
ಎಲೆಕ್ಟ್ರಿಷಿಯನ್ ಬೆಳಿಗ್ಗೆ ಅಂದ. ರೊಡೆಲ್ ಫೋನು ಎತ್ತಲಿಲ್ಲ.
ಫ್ರೀಜರಿನಲ್ಲಿ ಉಳಿದ ಐಸು ಚೀಲಕ್ಕೆ ಕಟ್ಟಿ ತೇಲಿಬಿಟ್ಟೆ.
ಸ್ಟೂಲು ಹತ್ತಿದೆ.
ಅಡುಗೆಮನೆಯ ಸ್ಟೀಲ್ ತಟ್ಟೆ ಹಿಡಿದು
ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ,
ಆಮೇಲೆ ಬೇಕೆಂದೇ ಲೆಕ್ಕ ತಪ್ಪಿಸಿ.
ಕಡಲು ಎಲ್ಲಿ ಎಣಿಸುತ್ತದೆ?

ಮೊಬೈಲ್ ಬೆಳಕಿನಲ್ಲಿ ಎದುರಿಗೊಂದು ಕನ್ನಡಿ ಪೆಟ್ಟಿಗೆ.
ಒಳಗೆ ಅಜ್ಜನ ಕಾಲದ ಲೆಕ್ಕದ ಪುಸ್ತಕ,
ಮುತ್ತಿಗೆ ಮುಳುಗುವವರ ಸಾಲ ಬರೆದದ್ದು.
ಹೆಸರು ಓದಲು ಬಾರದು.
ಅಂಕಿಗಳು ಗೊತ್ತಾಗುತ್ತಿದ್ದವು.

ಮೊದಲ ಬಾಂಗಿನ ಹೊತ್ತಿಗೆ ತೋಳು ನನ್ನದಾಗಿರಲಿಲ್ಲ.
ಬೆರಳ ತುದಿ ಸುಕ್ಕುಗಟ್ಟಿ ಬೆಳ್ಳಗೆ.

ಒಂದು ಗಿಡ ಸತ್ತಿತು, ಮೂಲೆಯದು.
ಉಳಿದವು ಮುಷ್ಟಿ ಬಿಗಿದು ಕೂತು
ಒಂಬತ್ತನೆಯ ದಿನ ಒಂದೊಂದೇ ಬೆರಳು ಬಿಚ್ಚಿದವು.

ಊರಿಂದ ಬಂದ ಮಗು ಹೆಸ್ಸಾ ಗಾಜಿಗೆ ಮೂಗೊತ್ತಿ ಕೇಳಿತು,
ನಿಜವಾಗಿ ಇದರ ಬಣ್ಣ ಯಾವುದು?
ನೀಲಿ ದೀಪ ಆರಿಸಿ ಬಿಳಿ ದೀಪ ಹಾಕಿದೆ.
ನೇರಳೆ ಮಂಕಾಯಿತು, ಹಸಿರು ಹಳಸಿತು.
ಇದಾ? ಇದೂ ಹೌದು.
ಅದಕ್ಕೆ ಇಷ್ಟವಾಗಲಿಲ್ಲ. ನೀಲಿ ಹಾಕಿಸಿತು.

ಅವತ್ತೇ ಅಕ್ಕನ ಫೋನು. ಮಗಳಿಗೂ ಕುಜದೋಷವಂತೆ.
'ಅಲ್ಲಿ ಹವಳ ಅಗ್ಗವಾ ಮಾರಾಯ?'
ಏನೋ ಹೇಳಿದೆ.
ಕೇಳಿಸಲಿಲ್ಲ ಅವಳಿಗೆ. 'ಎಂಥದು ಅದು ಸದ್ದು,
ಕಡಲ ಬದಿ ಇದ್ದೀಯಾ?' ಅಂದಳು.
ಎರಡೂ ಪಂಪು ಜಗಳಕ್ಕೆ ಬಿದ್ದಿದ್ದವು.