ಹದಿಮೂರು ರಿವೆಟ್ಟು

ಅಡುಗೆಮನೆಯ ಮೇಜಿನ ಮೇಲೊಂದು ಒಡಕು ಹೆಂಚು,
ಅದರ ಮೇಲೆ ಹಿತ್ತಾಳೆ ತಗಡು.
ಹೆಸ್ಟರ್ ರೇನ್ ಕನ್ನಡಕದ ಮೇಲೆ ಕನ್ನಡಕ ಏರಿಸಿ
ಹಿಂಬದಿಯಿಂದ ಸೂಜಿಮೊನೆ ಊರಿ
ಪುಟ್ಟ ಸುತ್ತಿಗೆಯಲ್ಲಿ ಒಂದೇ ಏಟು:
ಟಿಕ್.
ಮುಂಬದಿಯಲ್ಲಿ ರಾಗಿಕಾಳಿಗಿಂತ ಸಣ್ಣದೊಂದು ಉಬ್ಬು.
ಅದು ರಿವೆಟ್ಟು.
ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿ
ಇಪ್ಪತ್ತೊಂದು ಟನ್ನಿನ ಕಲ್ಲಿದ್ದಲ ವ್ಯಾಗನ್ನು
ಅವಳ ಕನ್ನಡಕದ ಡಬ್ಬಿಯಷ್ಟಾಗುತ್ತದೆ.
ಪಕ್ಕದ ಮನೆಯವಳಾದ ನನ್ನ ಕೆಲಸ
ಚಿಮುಟ ಹಿಡಿಯುವುದು, ಬೆಸುಗೆಯ ಹೊಗೆಗೆ ಕಿಟಕಿ ತೆಗೆಯುವುದು,
ಕೇಳುವುದು.

ಹತ್ತೊಂಬತ್ತು ವರ್ಷ ಅವಳು
ಈ ಡರ್ಹಮ್ ಸೀಮೆಯ ವ್ಯಾಗನ್ ಕಾರ್ಖಾನೆಯ ಮಹಡಿಯಲ್ಲಿ
ನಕ್ಷೆಗೆ ನಕಲು ಎತ್ತಿದವಳು.
ಇಂಜಿನಿಯರನ ಪೆನ್ಸಿಲ್ ಗೀಟಿನ ಮೇಲೆ
ಗಂಜಿ ಹಾಕಿದ ತೆಳು ಬಟ್ಟೆ ಹಾಸಿ
ಸೀಮೆಸುಣ್ಣದ ಪುಡಿ ಉಜ್ಜಿ
ಉಸಿರು ಬಿಗಿಹಿಡಿದು ಮಸಿ ಎಳೆಯುತ್ತಿದ್ದ
ಹನ್ನೊಂದು ಹೆಂಗಸರಲ್ಲಿ ಒಬ್ಬಳು.
ಕೆಳಗೆ ಶೆಡ್ಡಿಗೆ ಇಳಿಯುವ ಹಾಗಿರಲಿಲ್ಲ.
ಸದ್ದು ಕೇಳುತ್ತಿತ್ತು, ನೆಲ ನಡುಗುತ್ತಿತ್ತು,
ಗೆರೆ ನಡುಗಕೂಡದು.
ಕೆಟ್ಟುಹೋದ ನಕಲನ್ನು ಮನೆಗೊಯ್ದು
ಬಿಸಿನೀರಲ್ಲಿ ಗಂಜಿ ಬಿಡಿಸಿದರೆ ಒಳ್ಳೇ ಕರವಸ್ತ್ರ.
"ಬ್ರೇಕಿನ ಸರಳಲ್ಲೇ ಮೂಗು ಒರೆಸಿಕೊಂಡವಳು ಕಣೇ ನಾನು"
ಅನ್ನುತ್ತಾಳೆ.

ಐವತ್ತೆಂಟರ ಮಾರ್ಚಿಯ ಒಂದು ಸಂಜೆ.
ಎಡಗಡೆ ಕೊನೆಯ ಫಲಕದಲ್ಲಿ
ಹದಿನಾಲ್ಕು ರಿವೆಟ್ಟಿನ ಸಾಲು.
ಲೇಖನಿ ಹದಿಮೂರು ಸುತ್ತಿದಾಗ ಚಹದ ಗಂಟೆ ಹೊಡೆಯಿತು.
ವಾಪಸು ಬಂದವಳು ಮುಂದಿನ ಸಾಲು ಹಿಡಿದಳು.
ನಕ್ಷೆ ಕೆಳಗಿಳಿಯಿತು. ವ್ಯಾಗನ್ನುಗಳು ಹೊರಟವು, ನೂರಾರು.
ಮೂರು ವಾರದ ಮೇಲೆ ಗೊತ್ತಾಯಿತು, ಹೇಳಲಿಲ್ಲ.
ಮೊದಮೊದಲು ಹೆದರಿ.
ಆಮೇಲೆ, ಹೇಗೆ ಹೇಳಲಿ,
ನಕ್ಷೆಯ ಮೂಲೆಯ ಚೌಕದಲ್ಲಿ
ಬರೆದವನ ಅಕ್ಷರ, ತಿದ್ದಿದವನ ಅಕ್ಷರ, ಒಪ್ಪಿದವನ ಅಕ್ಷರ;
ನಕಲೆತ್ತಿದವಳದ್ದಕ್ಕೆ ಗೆರೆಯೇ ಇಲ್ಲ.
ಆ ಬಿಟ್ಟುಹೋದ ಜಾಗವೇ ನನ್ನ ರುಜು ಅಂದುಕೊಂಡಳು.
ಗೇಟಿನ ಬಳಿ ನಿಂತು
ಗಣಿಯಿಂದ ಬಂದರಿಗೆ ಇಳಿಯುವ ರೈಲು ನೋಡುತ್ತಿದ್ದಳಂತೆ.
ಓಡುವ ವ್ಯಾಗನ್ನಿನಲ್ಲಿ ರಿವೆಟ್ಟು ಯಾರಿಗೆ ಕಂಡೀತು?
ಅವಳಿಗೆ ಕಾಣುತ್ತಿತ್ತು.

ಗುರುವಾರ ಗುರುವಾರ ಕತ್‌ಬರ್ಟ್ ಸ್ಟೋಬಾರ್ಟ್ ಬರುತ್ತಾನೆ,
ಮೂವತ್ತು ವರ್ಷ ಅದೇ ಶೆಡ್ಡಿನಲ್ಲಿ ರಿವೆಟ್ಟು ಬಡಿದವನು,
ಎರಡೂ ಕಿವಿ ಅಲ್ಲೇ ಬಿಟ್ಟುಬಂದವನು.
ಮೇಜಿನ ಮೇಲಿನ ಬರಿ ಹಿತ್ತಾಳೆಯನ್ನು ಬೆಳಕಿಗೆ ಹಿಡಿದು
ಊರಿಗೆಲ್ಲ ಕೇಳುವಂತೆ ಅಂದ:
"ಹದಿಮೂರಾ? ಹೌದು, ನಕ್ಷೆಯಲ್ಲಿ ಹಾಗೇ ಇತ್ತು.
ನಾವು ಹದಿನಾಲ್ಕೇ ಬಡಿದೆವು.
ಮೇಲಿನ ಯಾವುದೋ ಹುಡುಗಿ ಮರೆತಿದ್ದಾಳೆ, ತುಂಬಿಸ್ರೋ ಅಂದ ಮೇಸ್ತ್ರಿ.
ಒಂದನ್ನೂ ಹಾಗೆ ಬಿಡಲಿಲ್ಲ."

ಹೆಸ್ಟರ್ ಕೆಟಲು ಇಟ್ಟಳು.
ಅದರಲ್ಲಿ ನೀರಿರಲಿಲ್ಲ.

ಆ ವಾರವೆಲ್ಲ ಮಾತಿಲ್ಲ, ಕೆಲಸ.
ಬೂದು ಬಣ್ಣ, ಅದರ ಮೇಲೆ ಇಟ್ಟಿಗೆಪುಡಿಯ ತುಕ್ಕು,
ಅಂಚುಗಳಲ್ಲಿ ಸ್ಪಂಜು ಒತ್ತಿ ಎದ್ದ ಬಣ್ಣದ ಹಕ್ಕಳೆ.
ಹೊಸದನ್ನು ಇಷ್ಟು ಮುದ್ದಿನಿಂದ ಹಳತು ಮಾಡುವುದನ್ನು
ನಾನು ಬೇರೆಲ್ಲೂ ಕಂಡಿಲ್ಲ.
ಸಮುದ್ರದ ದಂಡೆಯಲ್ಲಿ ಹೆಕ್ಕಿದ ಕಲ್ಲಿದ್ದಲನ್ನು
ಮೆಣಸು ಕುಟ್ಟುವ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ತುಂಬಿದಳು.
ಸೂಜಿ ಡಬ್ಬಿ ಮಾತ್ರ ಒಂದು ಸಲ ತೆರೆದಳು,
ಎಡಗಡೆ ಕೊನೆಯ ಫಲಕ ನೋಡಿದಳು,
ಮುಚ್ಚಿದಳು.

ಮುಂದಿನ ಗುರುವಾರ ಅವನು ಬಂದ.
ವ್ಯಾಗನ್ನನ್ನು ಅಂಗೈಮೇಲೆ ಇಟ್ಟುಕೊಂಡು
ಹೆಬ್ಬೆರಳನ್ನು ಸಾಲಿನುದ್ದಕ್ಕೂ ನಿಧಾನ ಹರಿಸಿದ,
ಕುರುಡರು ಓದುವ ಹಾಗೆ.
ಕೊನೆಯಲ್ಲಿ ಬೆರಳು ನಿಂತಿತು.
ಇಲ್ಲದ ಕಡೆ ಒಂದು ಗಳಿಗೆ ಇತ್ತು.
ಅವಳನ್ನು ನೋಡಿದ, ಅವಳ ಬೆರಳಿನ ಮಸಿಗಂಟು ನೋಡಿದ.
ವ್ಯಾಗನ್ನನ್ನು ಹಳಿಯ ತುಂಡಿನ ಮೇಲಿಟ್ಟು
ಲೋಟ ಮುಂದೆ ನೂಕಿದ.
"ಸಕ್ಕರೆ," ಅಂದ ಮೆಲ್ಲಗೆ,
ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು,
"ಇನ್ನೊಂದು ಚಮಚ."