ದಾಖಲೆ ನಾಲ್ಕು

ಥಂಡರ್ ಬೇ. ಜನವರಿ. ಮೈನಸ್ ಇಪ್ಪತ್ತೊಂಬತ್ತು.
ಕೋರ್ಟಿನ ಹೀಟರು ಗೊರಗೊರ ಎನ್ನುತ್ತಿದೆ,
ಮೂರನೇ ಪುಟ ತಿರುಗಿಸುವಷ್ಟರಲ್ಲಿ ನನ್ನ ಕಾಫಿ ಆರಿದೆ.
ಆರೋಪಿ: ಐಲಾ ಕೊಸ್ಕೆಲಾ, ನಲವತ್ತೊಂದು,
ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ.
ಆರೋಪ: ಗಂಡನ ಮೇಲೆ ಹಲ್ಲೆ.
ಪೊಲೀಸರನ್ನು ಕರೆದವಳು ಅವಳೇ.
ಬಂದವರು ಕರೆದವಳನ್ನೇ ಕರಕೊಂಡು ಹೋದರು.

ಗಾಯ ಇದ್ದದ್ದು ಅವನ ಮೈಮೇಲೆ.
ಕತ್ತು ಅಮುಕಿದ್ದು ಎಷ್ಟೋ ಸಲ ಆ ರಾತ್ರಿ ಕಾಣುವುದಿಲ್ಲ,
ಕಚ್ಚಿದ್ದು ಆ ಕ್ಷಣವೇ ಕಾಣುತ್ತದೆ.
ಇಪ್ಪತ್ತಮೂರರ ಪೊಲೀಸ್ ಹುಡುಗ
ಕಂಡದ್ದರ ಫೋಟೋ ತೆಗೆದ.
ಅವನ ಮೇಲೆ ನನಗೆ ಸಿಟ್ಟಿಲ್ಲ.
ಸ್ವಲ್ಪ ಇದೆ.

ದಾಖಲೆ ನಾಲ್ಕು: ಡ್ವೇನ್ ಮಾರ್ಚಾಕ್, ಬಲ ಮುಂದೋಳು,
ಪಕ್ಕದಲ್ಲಿ ಅಳತೆಗೊಂದು ಸ್ಕೇಲು.
ಎರಡು ಕೆಂಪು ಕಮಾನು ಎದುರುಬದುರು,
ಒಳಗೆ ಏನೂ ಬರೆಯದ ಕಂಸದ ಹಾಗೆ.

ಆ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೆ,
ಮಗಳು ಬೈದು ತೆಗೆಸಿದಳು.
ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದವಳು, ಸೋಪಿನ ಕೈಯಲ್ಲೇ,
ಗಂಡನನ್ನು ಕರೆದು, ಹಿಂದೆ ನಿಲ್ಲು, ಅಂದೆ.
ಕತ್ತಿಗೆ ತೋಳು ಹಾಕು. ಹಾಗಲ್ಲ, ಬಿಗಿಯಾಗಿ.
ಪಾಪ, ಮುಜುಗರ ಅವನಿಗೆ. ಹಾಕಿದ.
ನನ್ನ ಬಾಯಿಗೆ ಸಿಕ್ಕಿದ್ದು ಅದೇ ಜಾಗ,
ಒಳಬದಿ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ.

ಮೇಲಿನ ಕಮಾನಿನಲ್ಲಿ ಒಂದು ಕಡೆ ಖಾಲಿ.
ಅಲ್ಲಿರಬೇಕಾದ ಹಲ್ಲಿನ ಕತೆ ದಂತವೈದ್ಯರ ಫೈಲಿನಲ್ಲಿ:
'ಮೆಟ್ಟಿಲ ಮೇಲೆ ಮಂಜುಗಡ್ಡೆ, ಜಾರಿ ಬಿದ್ದರಂತೆ.'
ತಾರೀಖು ಆಗಸ್ಟ್ ಹದಿನಾಲ್ಕು.
ಯಾರೂ ತಿಂಗಳು ನೋಡಿರಲಿಲ್ಲ.

ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡಿದ್ದೆ,
ಅಂದಿದ್ದಳು ಐಲಾ ಮೊದಲ ಭೇಟಿಯಲ್ಲಿ, ಗೋಡೆಯ ಕಡೆ ನೋಡುತ್ತ.
ಅಷ್ಟು ಕಾಲ ಹಲ್ಲಿಗೂ ಹಲ್ಲಿಗೂ ನಡುವೆ ಏನೂ ಇರಲಿಲ್ಲ.
ಒಂದು ರಾತ್ರಿ ಅವನ ತೋಳಿತ್ತು.

ಕಟಕಟೆಯಲ್ಲಿ ಡ್ವೇನ್, ನೀಲಿ ಟೈ, ಮೆತ್ತನೆ ದನಿ.
ತೋರಿಸಿ ಅಂದೆ, ಹೇಗೆ ನಿಂತಿದ್ದಿರಿ? ತೋಳು ಎಲ್ಲಿತ್ತು?
ಅವನು ತೋಳು ಮುಂದಕ್ಕೆ ಚಾಚಿದ. ಗುರುತಿದ್ದ ಬದಿ ಅಡಿಗೆ ಹೋಯಿತು.
ತಿರುಗಿಸಿದ. ಬೇಡುವವನ ಕೈಯಾಯಿತು.
ಆಮೇಲೆ, ಯೋಚಿಸದೆ, ಮೈಗೇ ನೆನಪಾದ ಹಾಗೆ,
ಮೊಣಕೈ ಮಡಚಿ ಎದೆಯ ಹತ್ತಿರ ತಂದ,
ನಡುವೆ
ಒಂದು ಕತ್ತು ಹಿಡಿಸುವಷ್ಟು ಜಾಗ ಬಿಟ್ಟು.

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿದರು.
ನಾನು ಇನ್ನೊಂದು ಪ್ರಶ್ನೆ ಕೇಳದೆ ಕೂತೆ.
ಹಾಗೆ ಕೂರಲು ಕಲಿಯುವುದಕ್ಕೆ ಹದಿನೇಳು ವರ್ಷ ಹಿಡಿಯಿತು.

ಮೊದಲು ಬಿಟ್ಟವರು ಯಾರು? ಸರ್ಕಾರಿ ವಕೀಲರು ಐಲಾಳನ್ನು ಕೇಳಿದರು.
ಅವನು ಕೈ ಬಿಟ್ಟ. ಆಮೇಲೆ ನಾನು ಬಾಯಿ ಬಿಟ್ಟೆ.
ಅಷ್ಟೇ ಅವಳು ಬಾಯಿ ಬಿಟ್ಟದ್ದು.

ಒಂದೂವರೆ ಪುಟದ ತೀರ್ಪು. ಖುಲಾಸೆ.
ಹೊರಗೆ ಸರೋವರದ ಕಡೆಯ ಗಾಳಿ ಕಣ್ಣೀರನ್ನೂ ಹೆಪ್ಪುಗಟ್ಟಿಸುವಂಥದ್ದು,
ಯಾರೂ ಅಳಲಿಲ್ಲ ಅನ್ನಿ.
ಬಸ್ಸಿಗೆ ಕಾಯುತ್ತ ಐಲಾ ಕೇಳಿದಳು,
ಆ ಫೋಟೋ ನನಗೆ ಕೊಡುತ್ತೀರಾ?
ಅದ್ಯಾಕೆ?
ನನ್ನ ಹಲ್ಲು ಕಾಣುವ ಫೋಟೋ ಬೇರೆ ಒಂದೂ ಇಲ್ಲ.
ಹೇಳಿ ನಕ್ಕಳು, ಕೈಗವಸಿನ ಕೈ ಬಾಯಿಗೆ ಅಡ್ಡ ಹಿಡಿದು.
ಬಸ್ಸು ಬಂತು.

ನನ್ನ ಚೀಲದಲ್ಲಿ ಬುಧವಾರದ ಫೈಲಿದೆ.
ಲಾರಿ ಓಡಿಸುವವನು, ಕೆನ್ನೆ ತುಂಬ ಉಗುರಿನ ಗೀರು.
ನಾನಲ್ಲ, ಅವಳೇ ಶುರು ಮಾಡಿದ್ದು, ಅನ್ನುತ್ತಾನೆ.
ಇರಬಹುದು. ಇಲ್ಲದೆಯೂ ಇರಬಹುದು. ನಾನು ಅವನ ವಕೀಲೆ.
ಅವನ ಹೆಂಡತಿಯನ್ನು ಕಟಕಟೆ ಹತ್ತಿಸಿ ಕೇಳಬೇಕು,
ತೋರಿಸಿ, ಹೇಗೆ ನಿಂತಿದ್ದಿರಿ? ಕೈ ಎಲ್ಲಿತ್ತು?
ಅವಳಿಗೂ ಮೈ ಇದೆ. ಅದಕ್ಕೂ ನೆನಪಿದೆ.

ಕಾರಿನ ಗಾಜಿಗೆ ಬೆರಳು ದಪ್ಪ ಹಿಮ ಕಟ್ಟಿತ್ತು.
ಕೆರೆಯುತ್ತ ಕೆರೆಯುತ್ತ
ಆ ಪ್ರಶ್ನೆಯನ್ನೇ ಮೆಲ್ಲಗೆ, ಇನ್ನೂ ಮೆಲ್ಲಗೆ,
ಕೇಳಿ ನೋಡಿದೆ.